ಬೆಡ್‌ರೂಮ್ ಮತ್ತು ಅಟ್ಯಾಚ್ಡ್ ಬಾತ್‌ರೂಮ್ ಪ್ಲ್ಯಾನ್: ವಿಜಯಪುರ, ಬಾಗಲಕೋಟೆ ಕಡೆ ಮನೆ ಕಟ್ಟಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಮನೆ ಕಟ್ಟಿಸುವವರ ಜೊತೆ ಕೂತು ನಕ್ಷೆ ಹಾಕುವುದು ನಮ್ಮ ಕೆಲಸ. ಹಾಲ್ ಎಷ್ಟು ದೊಡ್ಡದಿರಬೇಕು, ಮುಂದಿನ ಎಲಿವೇಷನ್ ಹೇಗೆ ಕಾಣಬೇಕು ಅಂತ ಎಲ್ಲರೂ ತಾಸುಗಟ್ಟಲೆ ಮಾತಾಡುತ್ತಾರೆ. ಬೆಡ್‌ರೂಮಿನ ಮಾತು ಬಂದರೆ "ಒಂದು ಅಟ್ಯಾಚ್ಡ್ ಹಾಕಿಬಿಡ್ರಿ" ಅಂತ ಮುಗಿಸುತ್ತಾರೆ. ಆದರೆ ಮನೆ ಹೊಕ್ಕ ಮೇಲೆ ದಿನಾ ಕಾಡುವುದು ಈ ಎರಡು ಕೋಣೆಯ ತೊಂದರೆಗಳೇ. ಗೋಡೆ ಎದ್ದ ಮೇಲೆ ಮಂಚ ಎಲ್ಲಿ ಇಡೋಣ ಅಂತ ಯೋಚಿಸಿದರೆ ತಡವಾಯಿತು. ಮೊದಲು ಮಂಚ ಮತ್ತು ಪೈಪು ಕಾಗದದ ಮೇಲೆ ಕೂರಬೇಕು, ಆಮೇಲೆ ಗೋಡೆ. ಕೆಳಗಿನ ಉತ್ತರಗಳೆಲ್ಲ ಈ ಒಂದು ಮಾತಿನಿಂದಲೇ ಹೊರಟಿವೆ. ಅಳತೆಗಳನ್ನು ಅಡಿ, ಇಂಚಿನಲ್ಲೇ ಕೊಟ್ಟಿದ್ದೇವೆ, ಗೌಂಡಿಗಳು ಮಾತಾಡುವುದೂ ಅದೇ ಲೆಕ್ಕದಲ್ಲಿ.

30×40 ಸೈಟಿನಲ್ಲಿ ಬೆಡ್‌ರೂಮ್ ಎಷ್ಟು ದೊಡ್ಡದಿದ್ದರೆ ಸಾಕು?

10×12 ಒಳ್ಳೆಯ ಕೋಣೆಯೂ ಆಗಬಹುದು, ಕಿರಿಕಿರಿಯ ಕೋಣೆಯೂ ಆಗಬಹುದು. ಅದು ಮಂಚ ಮತ್ತು ಕಪಾಟು ಎಲ್ಲಿ ಬರುತ್ತವೆ ಅನ್ನುವುದರ ಮೇಲಿದೆ.

ಲೆಕ್ಕ ಮಾಡಿ ನೋಡೋಣ. ಕಿಂಗ್ ಸೈಜ್ ಹಾಸಿಗೆ 6 ಅಡಿ ಅಗಲ, ಆರೂವರೆ ಅಡಿ ಉದ್ದ. ಕಪಾಟಿನ ಆಳ 2 ಅಡಿ. 10 ಅಡಿಯ ಗೋಡೆಗೆ ಮಂಚದ ತಲೆ ತಾಗಿಸಿ, ಎದುರಿನ ಗೋಡೆಗೆ ಕಪಾಟು ಇಟ್ಟರೆ ಮಂಚದ ಎರಡೂ ಬದಿಗೆ 2 ಅಡಿ ಉಳಿಯುತ್ತದೆ, ಕಾಲ ಕಡೆಗೆ ಮೂರೂವರೆ ಅಡಿ. ಓಡಾಡಲು ಸಾಕು. ಅದೇ ಕಪಾಟನ್ನು ಮಂಚದ ಪಕ್ಕದ ಗೋಡೆಗೆ ಇಟ್ಟರೆ 10ರಲ್ಲಿ 6 ಮತ್ತು 2 ಹೋಗಿ ಉಳಿಯುವುದು ಎರಡೇ ಅಡಿ. ಮಂಚ ಒಂದು ಕಡೆ ಗೋಡೆಗೆ ಅಂಟಿಕೊಳ್ಳುತ್ತದೆ. ಒಳಗೆ ಮಲಗಿದವರು ರಾತ್ರಿ ಏಳಬೇಕಾದರೆ ಹೊರಗೆ ಮಲಗಿದವರನ್ನು ದಾಟಬೇಕು. ಕಪಾಟಿನ ಬಾಗಿಲು ತೆಗೆದರೆ ನಿಲ್ಲಲು ಜಾಗವಿಲ್ಲ.

10 ಅಡಿ ಅಗಲದ ಕೋಣೆಗೆ 5 ಅಡಿಯ ಕ್ವೀನ್ ಸೈಜ್ ಮಂಚ ಸರಿಯಾಗಿ ಹೊಂದುತ್ತದೆ, ಎರಡೂ ಕಡೆ ಎರಡೂವರೆ ಅಡಿ ಸಿಗುತ್ತದೆ. ಕಿಂಗ್ ಸೈಜೇ ಬೇಕು, ಪಕ್ಕದಲ್ಲಿ ಮಗುವಿನ ತೊಟ್ಟಿಲೂ ಬೇಕು ಅನ್ನುವವರು 11×13ಕ್ಕೆ ಹೋಗಲಿ. ಹಾಲಿನಿಂದ ಒಂದು ಅಡಿ ತೆಗೆದರೆ ಹಾಲ್‌ಗೆ ಗೊತ್ತೂ ಆಗುವುದಿಲ್ಲ.

ನಕ್ಷೆಯಲ್ಲಿ 10×12 ಇತ್ತು. ಕಟ್ಟಿದ ಮೇಲೆ ಸಣ್ಣದಾಯಿತಲ್ಲ, ಯಾಕೆ?

ನಕ್ಷೆಯಲ್ಲಿ ಬರೆದದ್ದು ಒಳಗಳತೆಯೋ, ಗೋಡೆಯ ನಡುವಿನಿಂದ ನಡುವಿನ ಅಳತೆಯೋ ಅಂತ ಮೊದಲೇ ಕೇಳಿ. ಹೊರಗೋಡೆ 9 ಇಂಚು, ಒಳಗಿನ ಅಡ್ಡಗೋಡೆ ನಾಲ್ಕೂವರೆ ಇಂಚು ಇರುತ್ತದೆ. ನಡುವಿನ ಅಳತೆ ಹಿಡಿದರೆ ಅಲ್ಲೇ ಅರ್ಧ ಅಡಿಗಿಂತ ಜಾಸ್ತಿ ಹೋಯಿತು. ಅದರ ಮೇಲೆ ಗಿಲಾಯ (ಪ್ಲಾಸ್ಟರ್) ಬರುತ್ತದೆ. ಬಾತ್‌ರೂಮಿನಲ್ಲಿ ಗಿಲಾಯದ ಮೇಲೆ ಟೈಲ್ಸ್ ಬೇರೆ. ಇಟ್ಟಿಗೆಯಿಂದ ಇಟ್ಟಿಗೆಗೆ 5 ಅಡಿ ಬಿಟ್ಟರೆ ಕೊನೆಗೆ ಕೈಗೆ ಸಿಗುವುದು 4 ಅಡಿ 9 ಇಂಚಿನ ಆಸುಪಾಸು. ಬೆಡ್‌ರೂಮಿನಲ್ಲಿ ಮೂರು ಇಂಚು ಹೋದರೆ ನಡೆಯುತ್ತದೆ, ಬಾತ್‌ರೂಮಿನಲ್ಲಿ ಹೋದರೆ ಕಮೋಡಿನ ಮುಂದೆ ಮೊಣಕಾಲು ಗೋಡೆಗೆ ತಾಗುತ್ತದೆ.

ಕಾಗದ ನೋಡಿದರೆ ನಮಗೆ ಅಂದಾಜು ಸಿಗುವುದಿಲ್ಲ. ಕಟ್ಟುವ ಮೊದಲು ನೋಡುವುದು ಹೇಗೆ?

ಪ್ಲಿಂತ್ (ಪಾಯದ ಮೇಲಿನ ಕಟ್ಟೆ) ಮುಗಿದು ಮೊದಲ ವರಸೆ ಇಟ್ಟಿಗೆ ಕೂರಿಸಿದ ದಿನ ಮನೆಮಂದಿಯೆಲ್ಲ ಸೈಟಿಗೆ ಹೋಗಿ. ಮನೆಯಲ್ಲಿರುವ ಒಂದು ಕೌದಿ ಒಯ್ಯಿರಿ. ಅದನ್ನು ಹಾಸಿಗೆಯ ಅಳತೆಗೆ ಮಡಚಿ, ಮಂಚ ಬರುವ ಜಾಗದಲ್ಲಿ ಹಾಸಿ. ಕಪಾಟಿನ ಜಾಗಕ್ಕೆ ಸುಣ್ಣದ ಪುಡಿಯಿಂದ ಗೆರೆ ಹೊಡೆಯಿರಿ. ಬಾತ್‌ರೂಮಿನಲ್ಲಿ ಕಮೋಡಿನ ಜಾಗಕ್ಕೆ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಕೂತು ನೋಡಿ. ಈಗ ಕೌದಿಯ ಮೇಲಿಂದ ಎದ್ದು ಬಾತ್‌ರೂಮಿಗೆ ನಡೆಯಿರಿ. ಎಲ್ಲಿ ಮೈ ಅಡ್ಡ ತಿರುಗಿಸಬೇಕಾಯಿತು, ಎಲ್ಲಿ ಗೆರೆ ತುಳಿದಿರಿ, ಬಾಗಿಲು ಎಲ್ಲಿ ಯಾರಿಗೆ ಬಡಿಯುತ್ತದೆ ಅಂತ ಎಲ್ಲರಿಗೂ ಕಾಣುತ್ತದೆ. ಈ ಹಂತದಲ್ಲಿ ಗೋಡೆ ಅರ್ಧ ಅಡಿ ಸರಿಸುವುದು ಗೌಂಡಿಗೆ ಅರ್ಧ ತಾಸಿನ ಕೆಲಸ. ನಾವು ನಕ್ಷೆ ಹಾಕಿದ ಎಲ್ಲ ಮನೆಯವರಿಗೂ ಇದನ್ನು ಮಾಡಲೇಬೇಕು ಅಂತ ಹೇಳುತ್ತೇವೆ.

ಬಾತ್‌ರೂಮ್ ಯಾವ ಗೋಡೆಗೆ ಬರಬೇಕು?

ನಮ್ಮ ಕಡೆ ಈ ಪ್ರಶ್ನೆಗೆ ಮೊದಲ ಉತ್ತರ ಕೊಡುವುದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಪಶ್ಚಿಮದ ಗೋಡೆ ಮಧ್ಯಾಹ್ನದಿಂದ ಸಂಜೆವರೆಗೂ ಕಾಯುತ್ತದೆ, ಕಾದದ್ದನ್ನು ರಾತ್ರಿ ನಾವು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಆ ಗೋಡೆಗೆ ಮಂಚದ ತಲೆ ಇಟ್ಟರೆ ಫ್ಯಾನ್ ತಿರುಗಿದರೂ ಸೆಕೆ ಹೋಗುವುದಿಲ್ಲ. ಪಶ್ಚಿಮಕ್ಕೆ ಬಾತ್‌ರೂಮ್ ಮತ್ತು ಕಪಾಟು ಕೊಟ್ಟರೆ ಆ ಬಿಸಿಯನ್ನು ಅವು ತಡೆಯುತ್ತವೆ. ಬಿಸಿಲು ಬಿದ್ದ ಬಾತ್‌ರೂಮ್ ಬೇಗ ಒಣಗುತ್ತದೆ, ಅದೂ ಒಳ್ಳೆಯದೇ.

ಎರಡನೆಯದು ಕಿಟಕಿ. ಬೆಡ್‌ರೂಮಿಗೆ ಎರಡು ಬೇರೆ ಬೇರೆ ಗೋಡೆಯಲ್ಲಿ ಕಿಟಕಿ ಇದ್ದರೆ ಮಾತ್ರ ಗಾಳಿ ಹಾಯುತ್ತದೆ. ಮೂಲೆಯ ಕೋಣೆಗೆ ಹೊರಗೋಡೆ ಎರಡೇ. ಬಾತ್‌ರೂಮ್ ಒಂದು ಹೊರಗೋಡೆಯನ್ನು ಪೂರ್ತಿ ನುಂಗಿದರೆ ಬೆಡ್‌ರೂಮಿಗೆ ಒಂದೇ ಕಿಟಕಿ ಉಳಿಯುತ್ತದೆ. ಹಾಗಾಗಿ ಬಾತ್‌ರೂಮಿನ ಅಗಲವಾದ ಕಡೆ ಒಳಗಿರಲಿ, 4 ಅಥವಾ 5 ಅಡಿಯ ಸಣ್ಣ ಬದಿ ಮಾತ್ರ ಹೊರಗೋಡೆಗೆ ಬರಲಿ. ಅದರ ಗವಾಕ್ಷಿಗೆ ಅಷ್ಟು ಸಾಕು.

ಮೂರನೆಯದು ಪೈಪು. ಎರಡು ಬೆಡ್‌ರೂಮಿನ ಬಾತ್‌ರೂಮುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತರೆ, ಮೇಲಿನ ಮಹಡಿಯದ್ದು ಕೆಳಗಿನದ್ದರ ಮೇಲೆಯೇ ಬಂದರೆ, 4 ಇಂಚಿನ ಸಂಡಾಸದ ಪೈಪು ಒಂದೇ ಕಡೆ ನೇರ ಇಳಿಯುತ್ತದೆ. ಅಡುಗೆಮನೆ ಅಥವಾ ದೇವರ ಕೋಣೆಯ ಮೇಲೆ ಬಾತ್‌ರೂಮ್ ಬರದ ಹಾಗೆ ನೋಡಿಕೊಳ್ಳುವುದಂತೂ ಯಾರಿಗೂ ಹೇಳಬೇಕಾಗಿಲ್ಲ.

ವಾಸ್ತು ಪ್ರಕಾರ ನೈಋತ್ಯಕ್ಕೆ ಬೆಡ್‌ರೂಮ್ ಬೇಕು. ಆಗ ಈ ಲೆಕ್ಕ ಕೆಡುವುದಿಲ್ಲವಾ?

ಕೆಡುವುದಿಲ್ಲ. ಮಾಸ್ಟರ್ ಬೆಡ್‌ರೂಮ್ ನೈಋತ್ಯಕ್ಕಿದ್ದರೆ ಅದರ ಬಾತ್‌ರೂಮನ್ನು ಕೋಣೆಯ ವಾಯವ್ಯ ಭಾಗಕ್ಕೆ, ಅಂದರೆ ಪಶ್ಚಿಮದ ಗೋಡೆಗೆ ಹೊಂದಿಸಿ ಕೊಡಬಹುದು. ವಾಸ್ತು ನೋಡುವವರು ಅದನ್ನು ಒಪ್ಪುತ್ತಾರೆ, ಬಿಸಿಲಿಗೂ ಅದು ಸರಿ. ದಕ್ಷಿಣಕ್ಕೆ ಅಥವಾ ಪೂರ್ವಕ್ಕೆ ತಲೆ ಹಾಕಿ ಮಲಗುವ ಮನೆಯವರು ಅದನ್ನು ನಕ್ಷೆ ಶುರು ಮಾಡುವ ದಿನವೇ ಹೇಳಿ. ಯಾಕೆಂದರೆ ಮಂಚದ ತಲೆ ಯಾವ ಗೋಡೆಗೆ ಅನ್ನುವುದೇ ಬಾಗಿಲು, ಕಿಟಕಿ, ಸ್ವಿಚ್ ಎಲ್ಲದರ ಜಾಗ ಹೇಳುತ್ತದೆ. ಎಲ್ಲ ಮುಗಿದ ಮೇಲೆ "ಉತ್ತರಕ್ಕೆ ತಲೆ ಬರ್ತದ" ಅಂತ ಮಂಚ ತಿರುಗಿಸಿದರೆ ಒಂದೂ ಹೊಂದುವುದಿಲ್ಲ.

ಅಟ್ಯಾಚ್ಡ್ ಬಾತ್‌ರೂಮ್ ಕನಿಷ್ಠ ಎಷ್ಟಿರಬೇಕು? ಒಳಗೆ ಯಾವುದು ಎಲ್ಲಿ?

4×7ರಲ್ಲಿ ಕೆಲಸ ನಡೆಯುತ್ತದೆ, 5×8ರಲ್ಲಿ ಆರಾಮಾಗಿ ನಡೆಯುತ್ತದೆ. ಟೈಲ್ಸ್ ಹಾಕಿದ ಮೇಲಿನ ಅಳತೆ ಇದು.

ಒಳಗಿನ ಸಾಲು ಒಣ ಜಾಗದಿಂದ ಒದ್ದೆ ಜಾಗಕ್ಕೆ ಹೋಗಬೇಕು. ಬಾಗಿಲ ಹತ್ತಿರ ಬೇಸಿನ್, ನಡುವೆ ಕಮೋಡ್, ಕೊನೆಗೆ ಗವಾಕ್ಷಿಯ ಕೆಳಗೆ ಸ್ನಾನ. 8 ಅಡಿ ಉದ್ದದಲ್ಲಿ ಬೇಸಿನ್‌ಗೆ 2 ಅಡಿ, ಕಮೋಡಿಗೆ ಎರಡೂವರೆ, ಸ್ನಾನಕ್ಕೆ ಮೂರೂವರೆ ಅಂತ ಹಂಚಿದರೆ ಸರಿ ಹೋಗುತ್ತದೆ. ಸ್ನಾನದ ಜಾಗ ಬಾಗಿಲ ಹತ್ತಿರ ಬಂದರೆ ದಿನವಿಡೀ ಒದ್ದೆ ಕಾಲು ಬೆಡ್‌ರೂಮಿಗೆ ಬರುತ್ತದೆ, ಕಾಲೊರೆಸು ಎಂದೂ ಒಣಗುವುದಿಲ್ಲ.

ಕಮೋಡಿನ ನಡುವಿನಿಂದ ಪಕ್ಕದ ಗೋಡೆಗೆ ಕಡಿಮೆ ಅಂದರೂ 15 ಇಂಚು ಬೇಕು, 18 ಇದ್ದರೆ ಚೆನ್ನ. ಮುಂದೆ 2 ಅಡಿ ಖಾಲಿ ಇರಲಿ. ಕಮೋಡನ್ನು ಮೊದಲೇ ಆರಿಸಿ, ಅದರ ಹೊರದಾರಿ ನೆಲಕ್ಕಿದೆಯೋ ಗೋಡೆಗಿದೆಯೋ, ಗೋಡೆಯಿಂದ ಎಷ್ಟು ಇಂಚಿಗೆ ಅಂತ ಪ್ಲಂಬರ್‌ಗೆ ಬರೆದುಕೊಡಿ. ಪೈಪು ಕೂರಿಸಿದ ಮೇಲೆ ಅಂಗಡಿಗೆ ಹೋದರೆ, ಪೈಪಿಗೆ ಹೊಂದುವ ಕಮೋಡನ್ನೇ ತರಬೇಕಾಗುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಹೆಚ್ಚಿನವರು ಸ್ನಾನ ಮಾಡುವುದು ಬಕೆಟ್ಟು, ಚೊಂಬಿನಲ್ಲಿ, ಮಣೆಯ ಮೇಲೋ ಸ್ಟೂಲಿನ ಮೇಲೋ ಕೂತು. ಚಿತ್ರದಲ್ಲಿ ನೋಡಿದ ಎರಡೂವರೆ ಅಡಿಯ ಗಾಜಿನ ಗೂಡಿನಲ್ಲಿ ಬಕೆಟ್ಟು, ಸ್ಟೂಲು, ಮನುಷ್ಯ ಮೂರೂ ಹಿಡಿಯುವುದಿಲ್ಲ. ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುವ ಮನೆಯಾದರೆ ಸ್ನಾನಕ್ಕೆ 4 ಅಡಿ ಬಿಡಿ.

ನಳದ ನೀರು ದಿನಾ ಬರುವುದಿಲ್ಲ. ಡ್ರಮ್ ಇಡಲು ಜಾಗ ಬೇಕಾ?

ಸಂಪು, ಮೇಲಿನ ಟಾಕಿ ಸಾಕಷ್ಟು ದೊಡ್ಡದಿದ್ದರೆ ಬಾತ್‌ರೂಮಿನಲ್ಲಿ ಡ್ರಮ್ ಬೇಡ. ಆದರೂ ಇಡುತ್ತೇವೆ ಅನ್ನುವವರು ಬಹಳ. ಹಾಗಿದ್ದರೆ ಸ್ನಾನದ ಜಾಗದ ಮೂಲೆಯಲ್ಲಿ 2×2 ಅಡಿ ಮೊದಲೇ ನಕ್ಷೆಯಲ್ಲಿ ತೋರಿಸಿ, ಅದರ ಮೇಲೆ ಒಂದು ಬೇರೆ ನಳ ಕೊಡಿ. ಬೋರಿನ ನೀರು ಗಡಸಾಗಿರುವ ಕಡೆ ಶವರ್ ತೂತು, ಗೀಸರ್ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ಗೀಸರ್‌ನ್ನು ಏಣಿ ಹಾಕಿ ಬಿಚ್ಚಲು ಬರುವ ಜಾಗದಲ್ಲೇ ಕೂರಿಸಿ. ಫಾಲ್ಸ್ ಸೀಲಿಂಗ್ ಒಳಗೆ ಮುಚ್ಚಿಟ್ಟರೆ ರಿಪೇರಿಗೆ ಬಂದವರು ಸೀಲಿಂಗ್ ಒಡೆಯುತ್ತಾರೆ.

ಬಾಗಿಲು ಒಳಗೆ ತೆರೆಯಬೇಕಾ, ಹೊರಗೆ ತೆರೆಯಬೇಕಾ?

ವಯಸ್ಸಾದವರು ಬಳಸುವ ಬಾತ್‌ರೂಮಾದರೆ ಹೊರಗೆ ತೆರೆಯಲಿ, ಇಲ್ಲವೇ ಸರಿಸುವ ಬಾಗಿಲು ಇರಲಿ. ಒಳಗೆ ಯಾರಾದರೂ ಬಿದ್ದು ಬಾಗಿಲಿಗೆ ಅಡ್ಡವಾದರೆ, ಒಳಗೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳಲು ಆಗುವುದಿಲ್ಲ. ಚಿಲಕವೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸುವಂಥದ್ದು ಸಿಗುತ್ತದೆ, ಅದನ್ನೇ ತನ್ನಿ. ಮಾಮೂಲಿ ಪ್ಲೈವುಡ್ ಬಾಗಿಲು ಕೆಳಗಿನಿಂದ ನೀರು ಕುಡಿದು ಉಬ್ಬುತ್ತದೆ. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆತದ್ದು) ಅಥವಾ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಗಿಲು ಹಾಕಿಸಿ.

ಮಂಚದ ಮೇಲೆ ಮಲಗಿದವರಿಗೆ ಕಮೋಡ್ ನೇರ ಕಾಣಬಾರದು. ಬಾಗಿಲನ್ನು ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದರೂ ಎಷ್ಟೋ ಸಲ ಇದು ಬಗೆಹರಿಯುತ್ತದೆ.

ಬಾತ್‌ರೂಮಿಗೆ ಹೊರಗೋಡೆಯೇ ಸಿಗುತ್ತಿಲ್ಲ. ಎಕ್ಸಾಸ್ಟ್ ಫ್ಯಾನ್ ಸಾಕಾ?

ಓಣಿಯ 20×30 ಜಾಗಗಳಲ್ಲಿ ಎರಡೂ ಬದಿ ನೆರೆಯವರ ಗೋಡೆ ಇರುತ್ತದೆ. ಆಗ ಆಕಾಶಕ್ಕೆ ತೆರೆದ ಒಂದು ಡಕ್ಟ್ ಬಿಡಿ, 3×3 ಅಡಿ ಇದ್ದರೆ ಒಳಗೆ ಪ್ಲಂಬರ್ ನಿಂತು ಕೆಲಸ ಮಾಡಬಹುದು. ಕೆಳಗೆ ಅದಕ್ಕೊಂದು ಸಣ್ಣ ಬಾಗಿಲೂ ಬೇಕು, ಇಲ್ಲದಿದ್ದರೆ ಬಿದ್ದ ಕಸ ಅಲ್ಲೇ ಕೊಳೆಯುತ್ತದೆ. ಎಕ್ಸಾಸ್ಟ್ ಫ್ಯಾನ್ ಆ ಡಕ್ಟಿಗೆ ಗಾಳಿ ತಳ್ಳಲಿ. ಬಾಗಿಲಿನ ಕೆಳಗೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಸಂದು ಬಿಡಿ. ಒಳಗೆ ಬರುವ ಗಾಳಿಗೆ ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ಸದ್ದು ಮಾಡುತ್ತದೆ, ಹಬೆ ಅಲ್ಲೇ ಇರುತ್ತದೆ.

ಗ್ಯಾಸ್ ಗೀಸರ್ ವಿಷಯದಲ್ಲಿ ಕೈ ಮುಗಿದು ಕೇಳಿಕೊಳ್ಳುತ್ತೇವೆ. ಮುಚ್ಚಿದ ಬಾತ್‌ರೂಮಿನೊಳಗೆ ಅದನ್ನು ಇಡಲೇಬೇಡಿ. ಅದು ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗಿರುವವರಿಗೆ ತಿಳಿಯುವ ಮೊದಲೇ ಎಚ್ಚರ ತಪ್ಪುತ್ತದೆ. ಗ್ಯಾಸ್ ಗೀಸರ್ ಹೊರಗೆ ತೆರೆದ ಜಾಗದಲ್ಲಿರಲಿ, ಪೈಪು ಮಾತ್ರ ಒಳಗೆ ಬರಲಿ.

ನೆಲದ ಇಳಿಜಾರು ಎಷ್ಟು ಕೊಡಬೇಕು?

ಬೆಡ್‌ರೂಮಿನ ನೆಲಕ್ಕಿಂತ ಬಾತ್‌ರೂಮ್ ಅರ್ಧದಿಂದ ಒಂದು ಇಂಚು ಕೆಳಗಿರಲಿ. ಸ್ನಾನದ ಜಾಗ ಅದಕ್ಕಿಂತ ಇನ್ನೂ ಅರ್ಧ ಇಂಚು ಇಳಿಯಲಿ. ನೀರು ಹೋಗುವ ಜಾಲಿಯ ಕಡೆಗೆ 8 ಅಡಿಗೆ ಒಂದು ಇಂಚಿನ ಇಳಿಜಾರು ಬೇಕೇ ಬೇಕು. ಸ್ನಾನದ ಜಾಗದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇರಲಿ. ಜಾಲಿ ಗೋಡೆಯ ಪಕ್ಕ ಮೂಲೆಯಲ್ಲಿರಲಿ, ನಡುವೆ ಬಂದರೆ ಟೈಲ್ಸನ್ನು ನಾಲ್ಕು ಕಡೆಯಿಂದ ಕತ್ತರಿಸಬೇಕಾಗುತ್ತದೆ.

ಟೈಲ್ಸ್ ಕೆಲಸದವರಿಗೆ ಹಣ ಕೊಡುವ ಮೊದಲು ಒಂದು ಬಕೆಟ್ ನೀರು ಬಾಗಿಲ ಕಡೆಯಿಂದ ಸುರಿದು ಹತ್ತು ನಿಮಿಷ ಕಾಯಿರಿ. ನೀರು ನಿಂತ ಕಡೆ ಒಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಮುಳುಗಿದರೆ ಆ ಟೈಲ್ ತೆಗೆದು ಮತ್ತೆ ಕೂರಿಸಲು ಹೇಳಿ.

ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದಾಗ ಬಾತ್‌ರೂಮ್ ನಾರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಜಾಲಿಯ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಯಾವಾಗಲೂ ಎರಡು ಇಂಚು ನೀರು ನಿಂತಿರಬೇಕು, ಚರಂಡಿಯ ವಾಸನೆಯನ್ನು ತಡೆಯುವುದು ಆ ನೀರೇ. ನಮ್ಮ ಬಿಸಿಲಿಗೆ ಅದು ಆರಿಹೋಗುತ್ತದೆ. ಬಳಸದ ಬಾತ್‌ರೂಮಿಗೆ ವಾರಕ್ಕೊಮ್ಮೆ ಎರಡು ಚೊಂಬು ನೀರು ಸುರಿದರೆ ಮುಗಿಯಿತು.

ಮೇಲಿನ ಮಹಡಿಯ ಬಾತ್‌ರೂಮ್ ಸೋರದಂತೆ ಏನು ಮಾಡಬೇಕು?

ಸ್ಲ್ಯಾಬನ್ನು 9 ಇಂಚಿನಿಂದ ಒಂದು ಅಡಿ ತಗ್ಗಿಸಿ ಅದರೊಳಗೆ ಪೈಪು ಹಾಕುವುದು ಒಂದು ರೀತಿ. ಸ್ಲ್ಯಾಬ್ ಸ್ವಲ್ಪವೇ ತಗ್ಗಿಸಿ ಪೈಪುಗಳನ್ನು ಕೆಳಗಿನ ಬಾತ್‌ರೂಮಿನ ಮೇಲ್ಗಡೆ ನೇತುಹಾಕಿ ಫಾಲ್ಸ್ ಸೀಲಿಂಗ್‌ನಿಂದ ಮುಚ್ಚುವುದು ಇನ್ನೊಂದು. ಕೆಳಗೂ ಬಾತ್‌ರೂಮೇ ಇದ್ದರೆ ನಾವು ಎರಡನೆಯದನ್ನೇ ಹೇಳುತ್ತೇವೆ. ಸೋರಿದರೆ ಕಾಣುತ್ತದೆ, ನೆಲ ಒಡೆಯದೆ ರಿಪೇರಿ ಆಗುತ್ತದೆ. ತಗ್ಗಿನಲ್ಲಿ ಹೂತ ಪೈಪು ಸೋರಿದರೆ ಗೊತ್ತಾಗುವುದು ಕೆಳಗಿನ ಗೋಡೆಯ ಬಣ್ಣ ಏಳತೊಡಗಿದ ಮೇಲೆ.

ಯಾವುದೇ ಇರಲಿ, ವಾಟರ್‌ಪ್ರೂಫಿಂಗ್ ನೆಲಕ್ಕೆ ನಿಲ್ಲದೆ ಗೋಡೆಗೂ ಒಂದು ಅಡಿ ಹತ್ತಬೇಕು, ಸ್ನಾನದ ಜಾಗದಲ್ಲಿ 6 ಅಡಿವರೆಗೆ. ಆಮೇಲೆ ಪೈಪಿನ ಬಾಯಿ ಮುಚ್ಚಿ, ನೀರು ತುಂಬಿ, ಎರಡು ದಿನ ಬಿಟ್ಟು ಕೆಳಗಿನಿಂದ ನೋಡಿ. ಗುತ್ತಿಗೆದಾರರು ಅವಸರ ಮಾಡುತ್ತಾರೆ. ನೀವು ಮಾತ್ರ ಈ ಎರಡು ದಿನ ಬಿಟ್ಟುಕೊಡಬೇಡಿ.

ನಮ್ಮ ಸೈಟು ಎರೆ ಮಣ್ಣಿನದು. ಬಾತ್‌ರೂಮಿಗೂ ಅದಕ್ಕೂ ಏನು ಸಂಬಂಧ?

ಬಹಳ ಸಂಬಂಧ ಇದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಬಾತ್‌ರೂಮಿನ ಪೈಪು ಸೋರಿ ಒಂದೇ ಮೂಲೆಯ ಮಣ್ಣು ಒದ್ದೆಯಾದರೆ ಆ ಮೂಲೆ ಮಾತ್ರ ಮೇಲೆದ್ದು ಗೋಡೆ ಓರೆಯಾಗಿ ಸೀಳುತ್ತದೆ. ಪ್ಲಿಂತ್ ಒಳಗೆ ಎರೆ ಮಣ್ಣು ತುಂಬಿಸಬೇಡಿ, ಗರಸು ಹಾಕಿಸಿ, ನೀರು ಹೊಡೆದು ಧಮ್ಮಸ್ಸು ಮಾಡಿಸಿ. ಪೈಪು ಪ್ಲಿಂತ್ ದಾಟುವ ಕಡೆ ಒಂದು ದೊಡ್ಡ ಪೈಪಿನ ತುಂಡು ಕೂರಿಸಿ ಅದರೊಳಗಿಂದ ಸಣ್ಣದನ್ನು ದಾಟಿಸಿ. ಮಣ್ಣು ಏರಿಳಿದರೂ ಪೈಪಿಗೆ ಅಲುಗಾಡಲು ಜಾಗ ಇರುತ್ತದೆ, ಜೋಡಣೆ ಬಿಡುವುದಿಲ್ಲ.

ಒಳಚರಂಡಿ ಇರುವ ಕಡೆ ಅದಕ್ಕೇ ಜೋಡಿಸಿ. ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಎರೆ ಮಣ್ಣಿನಲ್ಲಿ ಬೇಗ ಇಂಗುವುದಿಲ್ಲ ಅನ್ನುವುದು ನೆನಪಿರಲಿ. ಅದು ಪಾಯದಿಂದ ದೂರ, ಗರಸು ಸಿಗುವ ಆಳಕ್ಕೆ ಹೋಗಬೇಕು. ಬಾತ್‌ರೂಮ್ ಯಾವ ಕಡೆ ಅನ್ನುವುದನ್ನು ಗುಂಡಿಯ ಜಾಗದ ಜೊತೆಗೇ ತೀರ್ಮಾನಿಸಿ.

ಸೋಲಾರ್ ಹಾಕಿಸಿದರೂ ಬಿಸಿನೀರು ಬರಲು ತಡವಾಗುತ್ತದೆ. ಯಾಕೆ?

ಬಾತ್‌ರೂಮ್ ದೂರ ಇದೆ, ಅಷ್ಟೇ. 40 ಅಡಿ ಉದ್ದದ ಮುಕ್ಕಾಲು ಇಂಚಿನ ಪೈಪಿನಲ್ಲಿ ಸುಮಾರು ಮೂರು ಲೀಟರ್ ನೀರು ನಿಂತು ತಣ್ಣಗಾಗಿರುತ್ತದೆ. ಪ್ರತಿ ಸಲ ಅದು ಹೊರಗೆ ಹೋದ ಮೇಲೆಯೇ ಬಿಸಿನೀರು. ನೀರಿನ ಬರ ಇರುವ ಊರಲ್ಲಿ ಇದು ದೊಡ್ಡ ನಷ್ಟ. ಸೋಲಾರ್ ಟ್ಯಾಂಕ್ ಬಾತ್‌ರೂಮುಗಳ ನೇರ ಮೇಲೆ ಬರಲಿ. ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು, ಮಾಮೂಲಿ ಪಿವಿಸಿ ಬಿಸಿಗೆ ಬಗ್ಗುತ್ತದೆ.

ಕಪಾಟನ್ನು ಬಾತ್‌ರೂಮಿನ ಗೋಡೆಗೆ ಇಡಬಹುದಾ?

ಬೇಸಿನ್ ಇರುವ ಒಣ ಭಾಗದ ಹಿಂದೆ ಇಡಬಹುದು. ಸ್ನಾನದ ಭಾಗದ ಹಿಂದೆ ಬೇಡ, ಆ ಗೋಡೆಗೆ ತೇವ ಇಳಿಯುತ್ತದೆ. ಇಳಕಲ್ ಸೀರೆಗಳಿಗೆ ಬೂಷ್ಟು ಹಿಡಿದ ಮೇಲೆ ಗೊತ್ತಾದರೆ ಏನು ಮಾಡಲಿಕ್ಕಾಗುತ್ತದೆ?

ಅಪ್ಪ, ಅವ್ವ ಇರುವ ಕೋಣೆಗೆ ಬೇರೆ ಏನು ಬೇಕು?

ಕೆಳಗಿನ ಮಹಡಿಯಲ್ಲೇ ಕೊಡಿ. ಬಾತ್‌ರೂಮಿನ ಬಾಗಿಲು 3 ಅಡಿ ಇರಲಿ, ಮುಂದೆ ಗಾಲಿಕುರ್ಚಿ ಬೇಕಾದರೂ ಹೋಗುವಂತಿರಬೇಕು. ಹೊಸ್ತಿಲು ಎಡವುವಷ್ಟು ಎತ್ತರ ಬೇಡ. ಕಮೋಡಿನ ಪಕ್ಕ ಮತ್ತು ಸ್ನಾನದ ಗೋಡೆಗೆ ಸುಮಾರು 3 ಅಡಿ ಎತ್ತರದಲ್ಲಿ ಹಿಡಿಕೆ ಹಾಕಿಸಿ. ಟವೆಲ್ ರಾಡ್ ಹಿಡಿದು ಏಳುವವರೇ ಜಾಸ್ತಿ, ಅದು ಮನುಷ್ಯನ ಭಾರ ತಡೆಯುವುದಿಲ್ಲ. ಮಂಚದಿಂದ ಬಾತ್‌ರೂಮಿಗೆ ದಾರಿ ನೇರ ಇರಲಿ, ನಡುವೆ ಟೀಪಾಯಿ ಬೇಡ. ದೀಪದ ಸ್ವಿಚ್ ಮಲಗಿದಲ್ಲಿಂದಲೇ ಕೈಗೆ ಸಿಗಬೇಕು.

ನುಣುಪಾದ ವಿಟ್ರಿಫೈಡ್ ಟೈಲ್ಸ್ ಬಾತ್‌ರೂಮಿಗೆ ಖಂಡಿತ ಬೇಡ. ಒರಟು ಮೈಯ ಟೈಲ್ಸ್ ಇರಲಿ. ನಮ್ಮ ಕಡೆ ಸಿಗುವ ಶಹಾಬಾದ್ ಫರ್ಸಿಯೂ ಪಾಲಿಶ್ ಮಾಡಿಸದೆ ಹಾಕಿದರೆ ಕಾಲು ಹಿಡಿಯುತ್ತದೆ. ಹಳೆಯ ಬಚ್ಚಲುಗಳಲ್ಲಿ ಅದನ್ನೇ ಹಾಕುತ್ತಿದ್ದರಲ್ವಾ?

ಹಳೆಯ ಕಲ್ಲಿನ ಮನೆ ಇದೆ, ಮೇಲ್ಮುದ್ದೆ (ಮಣ್ಣು ಹೊದಿಸಿದ) ಮಾಳಿಗೆ. ಅದರೊಳಗೆ ಅಟ್ಯಾಚ್ಡ್ ಮಾಡಿಸಬಹುದಾ?

ಒಳಗೆ ಬೇಡ. ಮಣ್ಣಿನಲ್ಲಿ ಕಟ್ಟಿದ ಆ ದಪ್ಪ ಗೋಡೆಗೆ ನೀರು ಇಳಿದರೆ ಕಲ್ಲಿನ ನಡುವಿನ ಮಣ್ಣು ಕರಗುತ್ತದೆ. ಹಿತ್ತಲ ಕಡೆ, ಹಳೆ ಗೋಡೆಗೆ ತಾಗದಂತೆ ಬೇರೆ ಗೋಡೆ ಎಬ್ಬಿಸಿ ಬಾತ್‌ರೂಮ್ ಕಟ್ಟಿ, ಇದ್ದ ಕಿಟಕಿಯ ಜಾಗವನ್ನೇ ಬಾಗಿಲು ಮಾಡಿಕೊಳ್ಳಿ. ಕಿಟಕಿಯ ಮೇಲೆ ತೊಲೆ ಆಗಲೇ ಇರುತ್ತದೆ, ಹೊಸದಾಗಿ ಗೋಡೆ ಒಡೆಯುವ ಅಪಾಯ ತಪ್ಪುತ್ತದೆ. ಆ ಮಾಳಿಗೆಯ ತಂಪು ಯಾವ ಎಸಿಯಿಂದಲೂ ಬರುವುದಿಲ್ಲ, ಉಳಿಸಿಕೊಳ್ಳಿ.

ನಾವು ಬೆಳಗಾವಿಯವರು. ಇದೇ ಲೆಕ್ಕ ನಡೆಯುತ್ತದಾ?

ಅಳತೆ ನಡೆಯುತ್ತದೆ, ದಿಕ್ಕು ನಡೆಯುವುದಿಲ್ಲ. ನಿಮ್ಮಲ್ಲಿ ಚಿಂತೆ ಬಿಸಿಲಿಗಿಂತ ಮಳೆಯದ್ದು, ಖಾನಾಪುರದ ಕಡೆ ಹೋದಂತೆ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಪಶ್ಚಿಮ, ನೈಋತ್ಯದಿಂದ ಗಾಳಿಯ ಜೊತೆ ಗೋಡೆಗೆ ಬಡಿಯುತ್ತದೆ. ಆ ಹೊರಗೋಡೆಗೆ ಕಪಾಟು ಇಟ್ಟರೆ ಬಟ್ಟೆ ಮುಗ್ಗುತ್ತದೆ. ಕಿಟಕಿ, ಗವಾಕ್ಷಿಗೆ ಎರಡು ಅಡಿಯ ಸಜ್ಜಾ ಬೇಕು. ಬಾತ್‌ರೂಮ್ ತಾನಾಗಿ ಒಣಗದ ಕಾರಣ ಎಕ್ಸಾಸ್ಟ್ ಫ್ಯಾನ್ ನಿಮಗೆ ಬೇಕೇ ಬೇಕು.

ಟೈಲ್ಸ್ ಹಾಕುವ ಮೊದಲು ನಾವು ಏನು ನೋಡಿಕೊಳ್ಳಬೇಕು?

ಪೈಪು, ವೈರು ಎಲ್ಲ ಕೂರಿಸಿದ ಮೇಲೆ, ಗಿಲಾಯ ಮಾಡುವ ಮೊದಲು, ಪ್ರತಿ ಗೋಡೆಯ ಮುಂದೆ ಟೇಪು ಹಿಡಿದು ಫೋಟೋ ತೆಗೆಯಿರಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಅಂಕಿ ಕಾಣಬೇಕು. ಮುಂದೆ ಹಿಡಿಕೆಗೋ ಕನ್ನಡಿಗೋ ಡ್ರಿಲ್ ಹಾಕುವಾಗ ಪೈಪು ತೂತಾಗದಂತೆ ಕಾಯುವುದು ಈ ಫೋಟೋಗಳೇ. ಗೀಸರ್‌ಗೆ 16 ಆಂಪಿಯರ್ ಪಾಯಿಂಟ್ ಇದೆಯಾ, ಬಾತ್‌ರೂಮಿನ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇದೆಯಾ, ಸ್ನಾನದ ನೀರು ಸಿಡಿಯುವ ಕಡೆ ಸ್ವಿಚ್ ಬಂದಿಲ್ಲವಾ ನೋಡಿ. 25 ಲೀಟರ್ ಗೀಸರ್ ಆದರೆ ನೀರಿನ ಭಾರವೇ 25 ಕೆಜಿ, ಅದು ನೇತಾಡುವ ಗೋಡೆ ಟೊಳ್ಳು ಬ್ಲಾಕಿನದ್ದಾಗಿದ್ದರೆ ಅಲ್ಲಿ ಮೊದಲೇ ಕಾಂಕ್ರೀಟ್ ತುಂಬಿಸಿ. ಉಳಿದ ಟೈಲ್ಸಿನಲ್ಲಿ ಒಂದು ಡಬ್ಬಿ ಅಟ್ಟದ ಮೇಲೆ ಎತ್ತಿಡಿ, ನಾಲ್ಕು ವರ್ಷ ಬಿಟ್ಟು ಹುಡುಕಿದರೆ ಆ ಡಿಸೈನ್ ಅಂಗಡಿಯಲ್ಲಿ ಇರುವುದಿಲ್ಲ.